ಶೇಕಡಾವಾರು ಅಂಕಿಯೇ ತೀರ್ಪಲ್ಲ: ಸಂಶೋಧನಾ ಜರ್ನಲ್‌ಗಳಲ್ಲಿ ಕೃತಿಚೌರ್ಯ ತಡೆಯುವ ಬಗೆ

ಮಹಾಪ್ರಬಂಧ ಸಲ್ಲಿಸುವ ವಿದ್ಯಾರ್ಥಿಯಿರಲಿ, ಬಡ್ತಿಗಾಗಿ ಲೇಖನ ಪ್ರಕಟಿಸಬೇಕಾದ ಅಧ್ಯಾಪಕರಿರಲಿ, ಇಂದು ಮೊದಲು ವಿಚಾರಿಸುವುದು 'ಪರ್ಸೆಂಟೇಜ್ ಎಷ್ಟು ಬಂತು?' ಎಂದು. ಹತ್ತರೊಳಗಿದ್ದರೆ ನಿರಾಳ, ದಾಟಿದರೆ ಪದ ಬದಲಿಸುವ ಧಾವಂತ. ಆ ಅಂಕಿ ಏನನ್ನು ಅಳೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಕೃತಿಚೌರ್ಯವನ್ನು ತಡೆಯುವುದೂ ಆಗದು, ಸಿಕ್ಕಿಬಿದ್ದಾಗ ನ್ಯಾಯವಾಗಿ ನಿಭಾಯಿಸುವುದೂ ಆಗದು.

ತಂತ್ರಾಂಶ ನೋಡುವುದೇನು?

ಟರ್ನಿಟಿನ್, ಐಥೆಂಟಿಕೇಟ್, ಡ್ರಿಲ್‌ಬಿಟ್ ಮುಂತಾದ ತಂತ್ರಾಂಶಗಳು ಬರಹವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಅಂತರ್ಜಾಲದ ಪುಟಗಳು, ಪ್ರಕಟಿತ ಲೇಖನಗಳು ಮತ್ತು ಹಿಂದಿನ ಪ್ರಬಂಧಗಳೊಡನೆ ತಾಳೆ ನೋಡುತ್ತವೆ. ಹೊಂದಿಕೆಯಾದ ಸಾಲುಗಳಿಗೆ ಬಣ್ಣ ಹಚ್ಚಿ, ಮೂಲ ಯಾವುದೆಂದು ತೋರಿಸುತ್ತವೆ. 'ಇಲ್ಲಿ ಹೋಲಿಕೆಯಿದೆ' ಎನ್ನುವುದಷ್ಟೇ ಅವುಗಳ ಕೆಲಸ. ಕದ್ದಿದ್ದೋ ಅಲ್ಲವೋ ಎಂದು ನಿರ್ಧರಿಸಬೇಕಾದವರು ವರದಿಯನ್ನು ಓದುವ ಮನುಷ್ಯರು.

ಎರಡು ಹಸ್ತಪ್ರತಿಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಶೇ. 18 ಹೋಲಿಕೆ, ಅದು ಹತ್ತಾರು ಮೂಲಗಳಿಗೆ ಹಂಚಿಹೋಗಿದೆ, ಬಹುಪಾಲು ಪ್ರಯೋಗವಿಧಾನದ ರೂಢಿಯ ವಾಕ್ಯಗಳು. ಇನ್ನೊಂದರಲ್ಲಿ ಶೇ. 9 ಮಾತ್ರ, ಆದರೆ ಅಷ್ಟೂ ಒಂದೇ ಲೇಖನದಿಂದ ಬಂದದ್ದು, ಅದೂ ಫಲಿತಾಂಶದ ಚರ್ಚೆಯ ಭಾಗದಲ್ಲಿ. ಸಂಪಾದಕರು ಚಿಂತಿಸಬೇಕಾದದ್ದು ಎರಡನೆಯದರ ಬಗ್ಗೆ.

ಕನ್ನಡ ಬರಹದಲ್ಲಿ ಇನ್ನೊಂದು ತೊಡಕಿದೆ. ನುಡಿ, ಬರಹಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲೇಖನ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅದು ಅರ್ಥವಿಲ್ಲದ ಅನ್ಯ ಅಕ್ಷರಗಳ ರಾಶಿ. ಅದನ್ನು ಹಾಗೆಯೇ ತಂತ್ರಾಂಶಕ್ಕೆ ಹಾಕಿ 'ಹೋಲಿಕೆ ಇಲ್ಲ' ಎಂಬ ವರದಿ ಪಡೆದರೆ ಅದಕ್ಕೆ ಬೆಲೆಯಿಲ್ಲ. ಕನ್ನಡದ ಜರ್ನಲ್‌ಗಳು ಯೂನಿಕೋಡ್ ಕಡತವನ್ನೇ ಕೇಳಬೇಕು. ಇಂಗ್ಲಿಷ್ ಲೇಖನವನ್ನು ಅನುವಾದಿಸಿ ತಮ್ಮದೆಂದು ಕೊಟ್ಟರೆ ಅದೂ ತಂತ್ರಾಂಶದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ವಿಷಯ ಬಲ್ಲ ಪರಿಶೀಲಕರೇ ಅದನ್ನು ಹಿಡಿಯಬೇಕು.

ಬರೆಯುವಾಗಲೇ ತಡೆಯುವುದು

ಕೃತಿಚೌರ್ಯ ಎಷ್ಟೋ ಸಲ ಹುಟ್ಟುವುದು ಟಿಪ್ಪಣಿ ಪುಸ್ತಕದಲ್ಲಿ. ಮೂಲದ ಸಾಲನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದಿಟ್ಟುಕೊಂಡರೆ ಕೆಲವು ತಿಂಗಳಲ್ಲಿ ಅದು ಯಾರ ಮಾತೆಂಬುದೇ ಮರೆತುಹೋಗುತ್ತದೆ. ಟಿಪ್ಪಣಿ ಮಾಡುವಾಗಲೇ ಮೂಲದ ಮಾತಿಗೆ ಉದ್ಧರಣ ಚಿಹ್ನೆ ಹಾಕಿ, ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಗುರುತಿಸಿ. ನಿಮ್ಮ ಮಾತನ್ನು ಬೇರೆ ಬಣ್ಣದಲ್ಲಿ ಬರೆಯಿರಿ.

ಪದ ಬದಲಿಸಿದ ಮಾತ್ರಕ್ಕೆ ಬರಹ ಸ್ವಂತದ್ದಾಗದು. ಮೂಲ ಹೀಗಿದೆ ಎನ್ನಿ: 'ಕೋಲಾರದ ಕೆರೆಗಳನ್ನು ಒಂದರ ನೀರು ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಲಾಗಿದೆ.' ಅದನ್ನು 'ಕೋಲಾರದ ಜಲಾಶಯಗಳನ್ನು ಒಂದರ ನೀರು ಮತ್ತೊಂದಕ್ಕೆ ಸೇರುವಂತೆ ಸಾಲಾಗಿ ನಿರ್ಮಿಸಲಾಗಿದೆ' ಎಂದು ತಿದ್ದಿದರೆ ಹೋಲಿಕೆಯ ಅಂಕಿ ಇಳಿಯಬಹುದು, ಆದರೆ ವಾಕ್ಯದ ಅಸ್ಥಿಪಂಜರ ಇನ್ನೂ ಪರರದ್ದೇ. ಪುಸ್ತಕ ಮುಚ್ಚಿಟ್ಟು ಬರೆದರೆ ಹೀಗೆ ಬರಬಹುದು: 'ಮೇಲಿನ ಕೆರೆ ಕೋಡಿ ಬಿದ್ದ ಮೇಲೆ ಕೆಳಗಿನದು ತುಂಬುತ್ತದೆ. ಕೋಲಾರದ ಕೆರೆಗಳ ಈ ಜೋಡಣೆಯನ್ನು ಇಂಥವರು ಗುರುತಿಸಿದ್ದಾರೆ.' ಜೊತೆಗೆ ಆ ಲೇಖಕರ ಹೆಸರು, ವರ್ಷ, ಪುಟ. ವಾಕ್ಯ ನಿಮ್ಮದು, ವಿಚಾರದ ಋಣ ಅವರಿಗೆ.

ತಾವೇ ಹಿಂದೆ ಪ್ರಕಟಿಸಿದ ಭಾಗಗಳನ್ನು ಹೊಸತೆಂಬಂತೆ ಮತ್ತೆ ಕೊಡುವುದೂ ತಪ್ಪು. ಹಳೆಯ ಲೇಖನವನ್ನು ಉಲ್ಲೇಖಿಸಿ, ಸಂಪಾದಕರಿಗೆ ಮೊದಲೇ ತಿಳಿಸಬೇಕು.

ಅನುಮಾನ ಬಂದಾಗ ಜರ್ನಲ್ ಏನು ಮಾಡಬೇಕು?

ಬ್ರಿಟನ್ನಿನಲ್ಲಿ 1997ರಲ್ಲಿ ಶುರುವಾದ, 'ಕೋಪ್' ಎಂದು ಕರೆಯುವ ಪ್ರಕಟಣಾ ನೀತಿ ಸಮಿತಿ ಇದಕ್ಕೆ ಹಂತಹಂತದ ಮಾರ್ಗಸೂಚಿ ಕೊಟ್ಟಿದೆ. ಅದರ ತಿರುಳು ಇಷ್ಟು: ಎರಡೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಪುರಾವೆ ಸಿದ್ಧಪಡಿಸಿ. ಆರೋಪದ ದನಿಯಿಲ್ಲದೆ ಲೇಖಕರಿಗೆ ಬರೆದು ವಿವರಣೆ ಕೇಳಿ. ಉತ್ತರ ಬರದಿದ್ದರೆ ಸಹಲೇಖಕರನ್ನು, ಆಮೇಲೆ ಅವರ ಸಂಸ್ಥೆಯನ್ನು ಸಂಪರ್ಕಿಸಿ. ದೂರು ಕೊಟ್ಟವರಿಗೆ ಫಲಿತಾಂಶ ತಿಳಿಸಿ.

ತಪ್ಪಿನ ತೂಕ ನೋಡಿ ಕ್ರಮ ಕೈಗೊಳ್ಳಬೇಕು. 2011ರಲ್ಲಿ 'ಅಡ್ವಾನ್ಸ್ಡ್ ಮಟೀರಿಯಲ್ಸ್' ಜರ್ನಲ್‌ನಲ್ಲಿ ಬಂದ ಬೆಂಗಳೂರಿನ ವಿಜ್ಞಾನಿಗಳ ಲೇಖನವೊಂದರಲ್ಲಿ ಬೇರೆ ಲೇಖನದ ಕೆಲವು ಸಾಲುಗಳು ಸೇರಿಕೊಂಡಿದ್ದವು. ಲೇಖಕರ ಕ್ಷಮಾಪಣೆ ಅದೇ ಜರ್ನಲ್‌ನಲ್ಲಿ ಪ್ರಕಟವಾಯಿತು. ಫಲಿತಾಂಶವೇ ಕದ್ದದ್ದಾಗಿದ್ದರೆ ಕ್ಷಮಾಪಣೆ ಸಾಲದು, ಲೇಖನವನ್ನು ಹಿಂಪಡೆಯಬೇಕಾಗುತ್ತದೆ. ಹಿಂಪಡೆದ ಲೇಖನವನ್ನು ಸದ್ದಿಲ್ಲದೆ ಅಳಿಸುವಂತಿಲ್ಲ. 'ಹಿಂಪಡೆಯಲಾಗಿದೆ' ಎಂಬ ಗುರುತಿನೊಡನೆ ಅದು ಹಾಗೆಯೇ ಉಳಿದು, ಕಾರಣವೂ ಯಾರು ಹಿಂಪಡೆದರೆಂಬುದೂ ಪ್ರತ್ಯೇಕ ಪ್ರಕಟಣೆಯಲ್ಲಿ ಇರಬೇಕು. ಈಗಾಗಲೇ ಅದನ್ನು ಉಲ್ಲೇಖಿಸಿದವರಿಗೆ ವಿಷಯ ತಿಳಿಯಲು ಬೇರೆ ದಾರಿಯಿಲ್ಲ.

ಶಿಕ್ಷೆ ಯಾರ ಹೊಣೆ?

ಪ್ರಕಟಣೆಯ ದಾಖಲೆ ಸರಿಪಡಿಸುವುದು ಜರ್ನಲ್‌ನ ಕೆಲಸ, ಶಿಸ್ತುಕ್ರಮ ಸಂಸ್ಥೆಯ ಕೆಲಸ. ಭಾರತದಲ್ಲಿ ಯುಜಿಸಿಯ 2018ರ ನಿಯಮಾವಳಿ ಇದನ್ನು ಸ್ಪಷ್ಟಪಡಿಸಿದೆ. ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಹಸ್ತಪ್ರತಿ ಹಿಂಪಡೆಯಬೇಕು. ಶೇ. 40ರಿಂದ 60ರವರೆಗೆ ಇದ್ದರೆ ಅದರ ಜೊತೆಗೆ ಒಂದು ವಾರ್ಷಿಕ ವೇತನ ಬಡ್ತಿ ಇಲ್ಲ, ಎರಡು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಶೇ. 60 ಮೀರಿದರೆ ಎರಡು ವೇತನ ಬಡ್ತಿ, ಮೂರು ವರ್ಷದ ಮಾರ್ಗದರ್ಶನ ಕೈತಪ್ಪುತ್ತವೆ. ಮಹಾಪ್ರಬಂಧದಲ್ಲಿ ಈ ಕೊನೆಯ ಹಂತ ತಲುಪಿದರೆ ನೋಂದಣಿಯೇ ರದ್ದು. ಗ್ರಂಥಸೂಚಿ, ಸರಿಯಾಗಿ ಉಲ್ಲೇಖಿಸಿದ ಉದ್ಧರಣೆ, ಕಾನೂನಿನ ಪಠ್ಯ ಮತ್ತು ಪ್ರಮಾಣಿತ ಸಮೀಕರಣಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ದೂರನ್ನು ಮೊದಲು ವಿಭಾಗ ಮಟ್ಟದ ಸಮಿತಿ, ಬಳಿಕ ಸಂಸ್ಥೆಯ ಮಟ್ಟದ ಸಮಿತಿ ವಿಚಾರಿಸುತ್ತವೆ. ಆರೋಪಿತರಿಗೂ ತಮ್ಮ ಮಾತು ಹೇಳುವ ಅವಕಾಶವಿರಬೇಕು.

ಈ ಹಂತಗಳು ದಂಡನೆಯ ಪ್ರಮಾಣ ಗೊತ್ತುಮಾಡಲು ಇರುವವು. ಶೇ. 10ರವರೆಗೆ ಕದಿಯಬಹುದೆಂಬ ಪರವಾನಗಿ ಇವುಗಳಲ್ಲಿ ಇಲ್ಲ. ಆದ್ದರಿಂದ ಮಾರ್ಗದರ್ಶಕರು ವಿದ್ಯಾರ್ಥಿಯ ಮೊದಲ ಲೇಖನದ ವರದಿ ಬಂದಾಗ ಮೊದಲ ಪುಟದ ಅಂಕಿಗೇ ನಿಲ್ಲದೆ, ಬಣ್ಣ ಹಚ್ಚಿದ ಒಂದೊಂದು ಸಾಲನ್ನೂ ಪಕ್ಕದಲ್ಲಿ ಕೂತು ಓದಬೇಕು. ಇದು ಯಾರ ಮಾತು, ಎಲ್ಲಿಂದ ಬಂತು, ಋಣ ಸಂದಿದೆಯೇ ಎಂದು ಕೇಳಬೇಕು. ಆ ಒಂದು ಮಧ್ಯಾಹ್ನದ ಪಾಠ ವಿದ್ಯಾರ್ಥಿ ಮುಂದೆ ಬರೆಯುವ ಎಲ್ಲ ಲೇಖನಗಳಿಗೂ ಒದಗುತ್ತದೆ.