ಕುರಿಹಿಂಡಿನ ಮುಂದೆ ಮನೆಯ ನಾಯಿ

ನಾಯಿ ಕುರಿಹಟ್ಟಿಯನ್ನು ತೋಳದಿಂದ ಕಾಯುವುದನ್ನು ನಾವೆಲ್ಲ ಬಲ್ಲೆವು. ಹಿಂಡನ್ನು ಕೂಡಿಸಿ ಒಡೆಯನೆಡೆಗೆ ನಡೆಸಿ ತರುವುದು ಬೇರೆಯೇ ವಿದ್ಯೆ. ಇದರಲ್ಲಿ ಹೆಸರಾದುದು ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಸೀಮೆಯ ಬಾರ್ಡರ್ ಕೋಲಿ ತಳಿ. 1893ರಲ್ಲಿ ನಾರ್ಥಂಬರ್‌ಲೆಂಡಿನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿಯನ್ನು ಈ ತಳಿಯ ಆದಿಪುರುಷನೆಂದು ಎಣಿಸುತ್ತಾರೆ.

ಇಂದು ಈ ವಂಶದ ಎಷ್ಟೋ ನಾಯಿಗಳು ಕುರಿಯನ್ನೇ ಕಾಣದೆ ಮನೆಗಳಲ್ಲಿ ಬೆಳೆಯುತ್ತಿವೆ. ಅವುಗಳನ್ನು ಮೊದಲ ಬಾರಿ ಹಿಂಡಿನ ಮುಂದೆ ತರುವ ಕ್ರಮವು ವಿಚಾರಾರ್ಹವಾದುದು.

ಹಿಂಡು ನಡೆಸುವ ಗುಣವು ಬೇಟೆಯ ಗುಣದಿಂದಲೇ ಬಂದುದು. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಉಳಿದಿವೆ. ಕೊಲ್ಲುವ ಪ್ರವೃತ್ತಿ ಮಾತ್ರ ಕುಗ್ಗಿದೆ. ಆದುದರಿಂದ ಕರೆದೊಡನೆ ಮರಳುವ, ಹೇಳಿದೊಡನೆ ನಿಲ್ಲುವ ಅಭ್ಯಾಸವು ಮನೆಯಲ್ಲಿಯೇ ಆಗಿರಬೇಕು. ಅನಂತರ ನಾಯಿಗೆ ಒಗ್ಗಿದ ಕೆಲವೇ ಕುರಿಗಳನ್ನು ಸಣ್ಣ ಆವರಣದಲ್ಲಿ ಬಿಡುತ್ತಾರೆ. ಬೆದರಿ ಓಡಿದರೆ ಗರ್ಭ ಜಾರುವ ಭಯವಿರುವುದರಿಂದ ಗಬ್ಬದ ಕುರಿಗಳನ್ನು ಆರಿಸುವುದಿಲ್ಲ. ನಾಯಿಯ ಕೊರಳಿಗೆ ಉದ್ದನೆಯ ಹಗ್ಗವಿರುತ್ತದೆ. ತರಬೇತಿದಾರನ ಕೈಯಲ್ಲಿ ಕೋಲಿದ್ದರೂ ಅದು ಹೊಡೆಯಲಿಕ್ಕಲ್ಲ. ಒಳನುಗ್ಗುವ ನಾಯಿಯನ್ನು ಹೊರಗಿನ ಸುತ್ತಿಗೆ ಸರಿಸಲಿಕ್ಕೆ. ಗುಣವುಳ್ಳ ನಾಯಿಯು ತಾನಾಗಿಯೇ ಹಿಂಡಿನ ಆಚೆಬದಿಗೆ ಹೋಗಿ, ಕುರಿಗಳನ್ನು ಅವನೆಡೆಗೆ ತಿರುಗಿಸುತ್ತದೆ.

ಮೊದಲ ದಿನ ಕೆಲವೇ ನಿಮಿಷಗಳ ಪಾಠ ಸಾಕು. ಕೆಲವು ನಾಯಿಗಳು ಕುರಿಗಳತ್ತ ನೋಡುವುದೇ ಇಲ್ಲ. ಅವುಗಳಿಗೆ ಮತ್ತೊಂದು ದಿನ ಅವಕಾಶ ಕೊಡುತ್ತಾರೆ. ಬಾಯಿ ಹಾಕುವ ನಾಯಿಯನ್ನು ಕೂಡಲೇ ಹೊರತರುತ್ತಾರೆ.

ನೆರೆಮನೆಯ ಮೇಕೆಮರಿಯನ್ನು ನಮ್ಮ ನಾಯಿ ಅಟ್ಟಿದಾಗ ಆಟವೆಂದು ನಾವು ನಗುತ್ತೇವೆ. ಮರಿಗೆ ಅದು ಪ್ರಾಣಸಂಕಟ. ಹುಟ್ಟುಗುಣವನ್ನು ಅಳಿಸಲಾಗದು, ತಿದ್ದಬಹುದು. ಆ ಹೊಣೆ ಸಾಕಿದವರದೇ.