ಚೊಚ್ಚಲ ಗಬ್ಬದ ಕಡಸುಗಳಿಗೆ ಹಿಂಡಿಯ ಅವಶ್ಯಕತೆ

ಕಾಳಗಿ, ಚಿತ್ತಾಪುರ, ಸೇಡಂ, ಚಿಂಚೋಳಿ ಪ್ರಾಂತದಲ್ಲಿ ತೊಗರಿಯೂ ಜೋಳವೂ ಮುಖ್ಯವಾದ ಬೆಳೆಗಳಾಗಿವೆ. ಕಲಬುರಗಿಯ ತೊಗರಿ ಬೇಳೆಗೆ 2019ನೆಯ ಇಸವಿಯಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿರುತ್ತದೆ. ಬೇಳೆಯು ಪೇಟೆಗೆ ಹೋಗುವುದು ಯುಕ್ತವೇ. ಆದರೆ ಅದರ ನುಚ್ಚನ್ನೂ ಹೊಟ್ಟನ್ನೂ ಮಾರಿ, ಕೊಟ್ಟಿಗೆಯ ಗಬ್ಬದ ಕಡಸಿಗೆ ಬರಿಯ ಜೋಳದ ಕಣಿಕೆಯನ್ನು ಹಾಕುವುದು ನಷ್ಟದ ವ್ಯಾಪಾರವು.

ಹಾಲು ಕೊಡದ ರಾಸಿಗೆ ಹಿಂಡಿ ಏತಕ್ಕೆಂದು ಕೆಲವರು ಕೇಳುವುದುಂಟು. ಹಸುವಿನ ಗರ್ಭಕಾಲವು ಸುಮಾರು 280 ದಿವಸ, ಎಮ್ಮೆಯದು ಸುಮಾರು 310 ದಿವಸ. ಗರ್ಭದಲ್ಲಿರುವ ಕರುವಿನ ತೂಕದ ಬಹುಪಾಲು ಕಡೆಯ 3 ತಿಂಗಳುಗಳಲ್ಲಿಯೇ ಹೆಚ್ಚುತ್ತದೆ. ಕೆಚ್ಚಲೂ ಆಗಲೇ ಬೆಳೆಯುತ್ತದೆ. ಅದಲ್ಲದೆ ಚೊಚ್ಚಲ ಕಡಸಿನ ಸ್ವಂತ ಬೆಳವಣಿಗೆಯೂ ಇನ್ನೂ ಮುಗಿದಿರುವುದಿಲ್ಲ. ಈ ಮೂರಕ್ಕೂ ಮೈಯನ್ನು ಬೆಳೆಸುವ ಸಸಾರಜನಕ, ಅಂದರೆ ಪ್ರೋಟೀನು, ಬೇಕೇ ಬೇಕು. 100 ಪಾಲು ಕಣಿಕೆಯಲ್ಲಿ ಇದು 3–4 ಪಾಲು ಮಾತ್ರ. ಶೇಂಗಾ ಹಿಂಡಿಯಲ್ಲಿಯಾದರೋ ಸುಮಾರು 40 ಪಾಲು. ಕೊರತೆಯಾದಲ್ಲಿ ಕಡಸು ತನ್ನ ಮೈಯನ್ನೇ ಕರಗಿಸಿ ಕರುವಿಗೆ ಒದಗಿಸುತ್ತದೆ. ಈದ ತರುವಾಯ ತಾಯಿ ಬಡಕಲಾಗಿ, ಹಾಲು ಇಳಿದು, ಮತ್ತೆ ಬೆದೆಗೆ ಬರುವುದು ತಡವಾಗುತ್ತದೆ. ಕರುವೂ ಬಲಹೀನವಾಗುವ ಸಂಭವವುಂಟು.

ಶ್ರಾವಣದಲ್ಲಿ ಗಬ್ಬವಾದ ಕಡಸು ವೈಶಾಖದಲ್ಲಿ ಈಯುತ್ತದೆ. ಅದಕ್ಕೆ ಮುಂಚಿನ 3 ತಿಂಗಳು ಹಸಿಮೇವಿಲ್ಲದ ಬೇಸಗೆ. ಆದಕಾರಣ ತೊಗರಿಯ ರಾಶಿ ಮುಗಿದೊಡನೆಯೇ ಒಂದು ಪಾಲು ಹೊಟ್ಟನ್ನು ಕಡಸಿಗೆಂದು ಕೂಡಿಡತಕ್ಕದ್ದು.

100 ಕಿಲೋ ಮಿಶ್ರಣಕ್ಕೆ ಜೋಳದ ನುಚ್ಚು 35, ತೊಗರಿ ನುಚ್ಚು 27, ಶೇಂಗಾ ಹಿಂಡಿ 20, ಗೋಧಿ ಬೂಸಾ 15, ಖನಿಜ ಮಿಶ್ರಣ 2, ಉಪ್ಪು 1 ಕಿಲೋ ಸೇರಿಸಬೇಕು. ಈಯುವುದಕ್ಕೆ 3 ತಿಂಗಳು ಮುಂಚಿನಿಂದ ದಿವಸಕ್ಕೆ ಅರ್ಧ ಕಿಲೋದಂತೆ ಆರಂಭಿಸಿ, ಕ್ರಮೇಣ ಒಂದೂವರೆಯಿಂದ 2 ಕಿಲೋವರೆಗೆ ಏರಿಸಿ, ಎರಡು ಹೊತ್ತು ಹಂಚಿ ಕೊಡತಕ್ಕದ್ದು. ನೀರಿನ ಅನುಕೂಲವಿದ್ದವರು ಕುದುರೆಮೆಂತೆಯನ್ನೋ ಅಲಸಂದಿಯನ್ನೋ ಬೆಳೆದು ಹಾಕಿದರೆ ಹಿಂಡಿಯ ಖರ್ಚು ಕಡಿಮೆಯಾಗುವುದು.

ಬೂಸಲು ಹಿಡಿದ ಹಿಂಡಿ ವಿಷಪ್ರಾಯ. ಅದನ್ನು ಎಂದಿಗೂ ಹಾಕಕೂಡದು. ಕಡಸನ್ನು ಅತಿಯಾಗಿ ಕೊಬ್ಬಿಸುವುದೂ ತಪ್ಪು, ಈಯುವಾಗ ಕಷ್ಟವಾಗುತ್ತದೆ. ಪಕ್ಕೆಲುಬುಗಳು ಎದ್ದು ಕಾಣದೆ, ಕೈಯಿಟ್ಟರೆ ತಿಳಿಯುವಂತಿದ್ದರೆ ಮೈ ಹದವಾಗಿದೆಯೆಂದು ತಿಳಿಯಬಹುದು.

ಗ್ರಾಮದ ಹಿರಿಯರೂ ಜಮೀನುದಾರರೂ ಮೊದಲು ತಮ್ಮ ಕೊಟ್ಟಿಗೆಯ ಒಂದು ಕಡಸಿಗೆ ಈ ಕ್ರಮವನ್ನು ಅನುಸರಿಸಿ ನೋಡಲಿ. ನೆರೆಹೊರೆಯ ರೈತರಿಗೆ ಅದರ ಹಾಲೇ ಸಾಕ್ಷಿ ಹೇಳುವುದು.