ಐತಿಹಾಸಿಕ ಕಾದಂಬರಿ: ಒಂದಲ್ಲ, ಎರಡು ಓದಿ



ಕಳೆದ ವರ್ಷ ಮಳವಳ್ಳಿಯಿಂದ ಮಂಡ್ಯಕ್ಕೆ ಬರುವ ಬಸ್ಸಿನಲ್ಲಿ ಒನಕೆ ಓಬವ್ವನ ಮಾತು ಬಂತು. ಪಕ್ಕದಲ್ಲಿದ್ದ ಬೇರೆ ಕಾಲೇಜಿನ ಗೆಳತಿ, "ಓಬವ್ವ ಹೊಡೆದದ್ದು ನಿಮ್ಮ ಹೈದರನ ಕಡೆಯವರನ್ನೇ ಅಲ್ವೇನೇ?" ಎಂದಳು. ತಮಾಷೆಗೆ ಹೇಳಿದ್ದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ 'ನಿಮ್ಮ' ಎಂಬ ಪದ ಮಾತ್ರ ಸಂಜೆ ಮನೆಗೆ ಹೋದರೂ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನಾಲ್ಕನೇ ತರಗತಿಯ ಶಾಲಾ ವಾರ್ಷಿಕೋತ್ಸವದಲ್ಲಿ ಒನಕೆ ಹಿಡಿದು ಓಬವ್ವನ ಪಾತ್ರ ಮಾಡಿದ್ದವಳು ನಾನೇ. ಹಾಗಾದರೆ ನನ್ನವರು ಯಾರು? ಓಬವ್ವನೋ, ಹೈದರನೋ?

ಮನೆಯಲ್ಲಿ ಅಬ್ಬಾ ಹತ್ತಿರ ಕೇಳಿದೆ. "ಕೇಳಿದ ಮಾತಿಗೆ ಯಾಕೆ ಬೇಜಾರು, ಓದಿ ನೋಡು" ಎಂದರು. ಮರುದಿನ ನಮ್ಮ ಕನ್ನಡ ಮೇಡಂ ಲೈಬ್ರರಿಯಿಂದ ತ.ರಾ.ಸು. ಅವರ 'ದುರ್ಗಾಸ್ತಮಾನ' ತೆಗೆಸಿಕೊಟ್ಟರು. ಹೀಗೆ ಶುರುವಾದ ಓದು ನನಗೆ ಕಲಿಸಿದ್ದು ಒಂದೇ ಪಾಠ: ಐತಿಹಾಸಿಕ ಕಾದಂಬರಿಯನ್ನು ಒಂಟಿಯಾಗಿ ಓದಬಾರದು, ಜೋಡಿಯಾಗಿ ಓದಬೇಕು. ಯಾಕೆ ಎಂದು ಹೇಳುತ್ತೇನೆ.

ಮನೆಯಲ್ಲಿ ಉರ್ದು ಮಾತಾಡುವ ನನಗೆ ಮೊದಲ ಐವತ್ತು ಪುಟ ಕಷ್ಟವಾಯಿತು. ಆಮೇಲೆ ಪುಸ್ತಕವೇ ಎಳೆದುಕೊಂಡು ಹೋಯಿತು. 1982ರಲ್ಲಿ ಬಂದ, ತ.ರಾ.ಸು. ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಚಿತ್ರದುರ್ಗದ ಕೊನೆಯ ನಾಯಕ ಮದಕರಿಯದು. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಕೋಟೆಯ ಒಳಗೆ ನಿಂತು ನೋಡಿದರೆ ಹೊರಗೆ ಮುತ್ತಿಗೆ ಹಾಕಿದವನು ಶತ್ರುವೇ. ಅದರಲ್ಲಿ ತಪ್ಪಿಲ್ಲ. ಆದರೆ ಇತಿಹಾಸ ಪುಸ್ತಕ ತೆರೆದರೆ ಇನ್ನೊಂದು ಸಂಗತಿ ಕಾಣುತ್ತದೆ. ಇದೇ ಮದಕರಿ ನಾಯಕ ಒಂದು ಕಾಲದಲ್ಲಿ ಹೈದರನ ಜೊತೆ ನಿಂತಿದ್ದವನು, ಇನ್ನೊಂದು ಕಾಲದಲ್ಲಿ ಮರಾಠರ ಜೊತೆ ಸೇರಿದವನು. ಅಂದರೆ ಆ ಜಗಳ ರಾಜ್ಯದ್ದು, ಕಪ್ಪಕಾಣಿಕೆಯದು, ಕೋಟೆಯದು. ಬಸ್ಸಿನಲ್ಲಿ ಕುಳಿತ 'ನಿಮ್ಮವರು-ನಮ್ಮವರು' ಆಗ ಹುಟ್ಟಿರಲಿಲ್ಲ.

ಎರಡನೆಯದಾಗಿ ಮಾಸ್ತಿಯವರ 'ಚೆನ್ನಬಸವನಾಯಕ' ಓದಿದೆ. ಇಲ್ಲಿಯೂ ಹೈದರನಿದ್ದಾನೆ. 1763ರಲ್ಲಿ ಅವನು ಗೆದ್ದ ಬಿದನೂರಿನ ಕಥೆ ಇದು. ಗೆದ್ದ ಮೇಲೆ ಊರಿಗೆ ತನ್ನ ಹೆಸರನ್ನೇ ಇಟ್ಟ. ಇವತ್ತಿನ ಹೊಸನಗರ ತಾಲ್ಲೂಕಿನ ನಗರವೇ ಅದು. ಆದರೆ ಮಾಸ್ತಿಯವರ ಕಣ್ಣು ಹೆಚ್ಚಾಗಿ ಇರುವುದು ಅರಮನೆಯ ಒಳಗಿನ ಬಿರುಕಿನ ಮೇಲೆ. ಮನೆ ಒಳಗೆ ಒಡೆದಿದ್ದರೆ ಹೊರಗಿನವನಿಗೆ ಬಾಗಿಲು ಮುರಿಯುವುದು ಎಷ್ಟು ಸುಲಭ ಎಂದು ಓದುತ್ತಾ ತಿಳಿಯುತ್ತದೆ. ಅವರ 'ಚಿಕವೀರ ರಾಜೇಂದ್ರ' ಕೂಡ ಇದೇ ದಾರಿಯದು. ಅಲ್ಲಿ ಹೊರಗಿನವರು ಇಂಗ್ಲಿಷರು, 1834ರಲ್ಲಿ ಅವರ ಕೈ ಸೇರಿದ್ದು ಕೊಡಗು.

ಮೂರನೆಯದು ಭಗವಾನ್ ಗಿದ್ವಾನಿ ಅವರು 1976ರಲ್ಲಿ ಇಂಗ್ಲಿಷಿನಲ್ಲಿ ಬರೆದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್'. ನಮ್ಮ ಅಪ್ಪ ಅಮ್ಮಂದಿರು ದೂರದರ್ಶನದಲ್ಲಿ ನೋಡಿದ ಧಾರಾವಾಹಿಗೆ ಇದೇ ಆಧಾರ. ಇಲ್ಲಿ ಕಥೆ ಶ್ರೀರಂಗಪಟ್ಟಣದ ಒಳಗೆ ನಿಂತು ನೋಡುತ್ತದೆ. ಓದುವಾಗ ನನಗೆ ಬಹಳ ಖುಷಿಯಾಯಿತು, ನಿಜ ಹೇಳುತ್ತೇನೆ. ಆಮೇಲೆ ಯೋಚಿಸಿದೆ. ನನಗೆ ಇಷ್ಟವಾಯಿತು ಎಂದ ಮಾತ್ರಕ್ಕೆ ಇದು ಇತಿಹಾಸವಾಗುತ್ತದೆಯೇ? ಧಾರಾವಾಹಿ ಪ್ರಸಾರವಾದಾಗ ಇದು ಕಾಲ್ಪನಿಕ ಎಂಬ ಸೂಚನೆಯನ್ನೂ ತೋರಿಸಲಾಗುತ್ತಿತ್ತು. 'ದುರ್ಗಾಸ್ತಮಾನ'ಕ್ಕೆ ಹಾಕಿದ ಅಳತೆಗೋಲನ್ನೇ ಇದಕ್ಕೂ ಹಾಕಬೇಕಲ್ಲವೇ?

ಆ ಅಳತೆಗೋಲು ಯಾವುದು? ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ.

ಒಂದು, ಕಥೆ ಯಾವ ಕೋಟೆಯ ಒಳಗಿನಿಂದ ನೋಡುತ್ತಿದೆ? ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದಾಗ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ. 1780ರಲ್ಲಿ ಇಂಗ್ಲಿಷರು ಸೋತ ಯುದ್ಧ ಅದು. ಗೆದ್ದವರು ಬರೆಸಿದ ಚಿತ್ರ. ಸೋತವರು ಬರೆಸಿದ್ದರೆ ಬೇರೆಯೇ ಇರುತ್ತಿತ್ತು. ಕಾದಂಬರಿಯೂ ಹಾಗೆಯೇ.

ಎರಡು, ಇದರಲ್ಲಿ ದಾಖಲೆ ಎಷ್ಟು, ಕಲ್ಪನೆ ಎಷ್ಟು? ಇಸವಿ, ಒಪ್ಪಂದ, ಯುದ್ಧದ ಸ್ಥಳ ಇವು ದಾಖಲೆಯಲ್ಲಿ ಸಿಗುತ್ತವೆ. ರಾಜ ರಾಣಿಗೆ ರಾತ್ರಿ ಹೇಳಿದ ಮಾತು ಕಾದಂಬರಿಕಾರರದು. ಅದು ಸುಳ್ಳಲ್ಲ, ಊಹೆ. ಆ ಊಹೆಯಿಂದಲೇ ನಮಗೆ ಅವರು ಮನುಷ್ಯರಾಗಿ ಕಾಣುವುದು. ಆದರೆ ಪರೀಕ್ಷೆಯಲ್ಲಿ ಅದನ್ನು ಬರೆದರೆ ಅಂಕ ಬರುವುದಿಲ್ಲ!

ಮೂರು, ಕಥೆಯಲ್ಲಿ ಯಾರು ಕಾಣುತ್ತಿಲ್ಲ? 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲೇ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷ್ ಸೈನ್ಯಕ್ಕೂ ಯುದ್ಧವಾಯಿತು. ಅದಾದ ಮೇಲೆ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ದಿನ ಮಳವಳ್ಳಿಯ ರೈತನ ಹೊಲದಲ್ಲಿ ಏನಾಯಿತು? ನಾನು ಓದಿದ ಯಾವ ಕಾದಂಬರಿಯಲ್ಲೂ ಅವನು ಸಿಕ್ಕಿಲ್ಲ.

ರಾಜರ ಕಥೆ ಸಾಕು ಎನ್ನುವವರಿಗೂ ಪುಸ್ತಕಗಳಿವೆ. ನಿರಂಜನರ 'ಚಿರಸ್ಮರಣೆ' ಕಾಸರಗೋಡಿನ ಕಯ್ಯೂರಿನ ರೈತರದು. 1941ರ ಹೋರಾಟಕ್ಕಾಗಿ 1943ರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಜೊತೆ ಅಬೂಬಕ್ಕರ್ ಕೂಡ ಇದ್ದರು. ಇದನ್ನು ಓದಿ ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಹೋಗಿ ಬನ್ನಿ. 1938ರಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ ಆ ಜಾಗ ಬೇರೆಯಾಗಿ ಕಾಣುತ್ತದೆ. ದೂರದ ದೇಶ ಬೇಕೆಂದರೆ ನಿರಂಜನರದೇ 'ಮೃತ್ಯುಂಜಯ' ಇದೆ, ಪ್ರಾಚೀನ ಈಜಿಪ್ಟಿನ ದುಡಿಯುವ ಜನರ ಕಥೆ.

ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' (2019) ಲಿಸ್ಬನ್ನಿನ ತೇಜೋ ನದಿಯಿಂದ ವಿಜಯನಗರದ ತುಂಗಭದ್ರೆಯವರೆಗೆ ಸಾಗುತ್ತದೆ. ಯಾವ ಧರ್ಮದವರೇ ಆಗಲಿ, ಅಧಿಕಾರ ಸಿಕ್ಕಾಗ ಬಡವನ ಮೈಮೇಲೆ ಏನೇನು ಬರೆಯುತ್ತಾರೆ ಎಂದು ಅದು ತೋರಿಸುತ್ತದೆ. ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ' ದೇಶ ವಿಭಜನೆಯಿಂದ ಶುರುವಾಗಿ ಕರಾವಳಿಯ ಮುತ್ತುಪ್ಪಾಡಿಗೆ ಬರುತ್ತದೆ. ಸಾವಿರಕ್ಕೂ ಹೆಚ್ಚು ಪುಟ; ರಜೆಗೆ ಇಟ್ಟುಕೊಳ್ಳಿ. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೆ ಬಂದಿದೆ. ಜಿಮ್‌ಗೆ ಹೋಗುವ ಹುಡುಗರು ಕೆ.ವಿ. ಅಯ್ಯರ್ ಅವರ 'ಶಾಂತಲಾ' ಓದಬಹುದು. ಹೊಯ್ಸಳ ರಾಣಿಯ ಕಥೆ ಬರೆದ ಅವರು ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸುತ್ತಿದ್ದವರು.

ಕೆಲವು ಪುಸ್ತಕ ನೋಯಿಸುತ್ತವೆ. ನನಗೂ ನೋವಾಗಿದೆ. ಹಾಗೆಂದು ಅರ್ಧಕ್ಕೆ ಮುಚ್ಚಬೇಡಿ. ನೋವಾದ ಪುಟದ ಸಂಖ್ಯೆ ಬರೆದಿಟ್ಟುಕೊಂಡು ಅದೇ ಕಾಲದ ಇನ್ನೊಂದು ಪುಸ್ತಕ ಹುಡುಕಿ. ಎರಡರ ನಡುವೆ ಇತಿಹಾಸದ ಮೇಷ್ಟ್ರನ್ನು ಕೂರಿಸಿಕೊಂಡು ಕೇಳಿ. ದಿನಕ್ಕೆ ಇಪ್ಪತ್ತು ಪುಟ ಸಾಕು, ಮೊಬೈಲ್ ಪಕ್ಕಕ್ಕಿಟ್ಟರೆ ಸಮಯ ಸಿಗುತ್ತದೆ.

ಬಸ್ಸಿನ ಆ ಗೆಳತಿಗೂ 'ದುರ್ಗಾಸ್ತಮಾನ' ಕೊಟ್ಟೆ. ಓದಿದಳು, ಆಮೇಲೆ 'ಚೆನ್ನಬಸವನಾಯಕ'ವನ್ನೂ ಕೇಳಿ ತೆಗೆದುಕೊಂಡಳು. ಹೈದರನ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ಆದರೆ ಈಗ ಪುಟದ ಸಂಖ್ಯೆ ಹೇಳಿ ಜಗಳವಾಡುತ್ತೇವೆ. 'ನಿಮ್ಮ ಹೈದರ' ಎಂದು ಅವಳು ಮತ್ತೆ ಹೇಳಿಲ್ಲ. ಓಬವ್ವ ಇಬ್ಬರಿಗೂ ಸೇರಿದವಳು ಎಂಬುದರಲ್ಲಿ ಮಾತ್ರ ನಮಗೆ ಜಗಳವಿಲ್ಲ.